"ಯಾವ ಗಾಡಿಗೆ ಸಾರ್?": ಕೂಡಿಸಿ ಮಾಡಿದ ಹಳೆ ಜೀಪಿಗೆ ಬ್ರೇಕ್ ಸಾಮಾನು ಹುಡುಕಿದ ಕಥೆ

ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಮೊದಲು ಕೇಳುವುದು ಒಂದೇ ಪ್ರಶ್ನೆ. "ಯಾವ ಗಾಡಿಗೆ ಸಾರ್?" ಜೀಪಿಗೆ ಅಂದರೆ "ಯಾವ ಮಾಡೆಲ್?" ಅಂತಾರೆ. ಅಲ್ಲಿಗೆ ನನ್ನ ಬಾಯಿ ಕಟ್ಟುತ್ತದೆ. ನನ್ನ ಜೀಪಿಗೆ ಮಾಡೆಲ್ ಅನ್ನುವುದೇ ಇಲ್ಲ. ಬಾನೆಟ್ ಒಂದು ಗಾಡಿಯದು. ಮುಂದಿನ ಆಕ್ಸಲ್ ಹಳೆಯ ಪೆಟ್ರೋಲ್ ಜೀಪಿನದು. ಹಿಂದಿನದು ಇನ್ಯಾವುದೋ ಡೀಸೆಲ್ ಜೀಪಿನದು. ಎಂಜಿನ್ ಪ್ಯೂಜೋ ಡೀಸೆಲ್. ಕೆಎ 12 ನಂಬರ್ ಪ್ಲೇಟ್ ಒಂದು ಮಾತ್ರ ಖಂಡಿತ ನಮ್ಮೂರಿನದು.

ಕೊಡಗಿನಲ್ಲಿ ಇಂಥ ಜೀಪು ಬೇಕಾದಷ್ಟಿವೆ. ಮಿಲಿಟರಿ ಡಿಸ್ಪೋಸಲ್‌ನಲ್ಲಿ ಬಂದ ಚಾಸಿ, ಗುಜರಿಯಿಂದ ಎತ್ತಿದ ಗೇರ್ ಬಾಕ್ಸ್, ಊರಿನ ವರ್ಕ್‌ಶಾಪಿನಲ್ಲಿ ತಗಡು ಬಗ್ಗಿಸಿ ಮಾಡಿದ ಬಾಡಿ. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಹೀಗೆ ಜೀಪು ಕೂಡಿಸುವುದೇ ಒಂದು ದೊಡ್ಡ ಕಸುಬು. ಇಂಗ್ಲೆಂಡಿನಲ್ಲಿ ಇದರ ನೆಂಟನನ್ನು ಕಿಟ್ ಕಾರ್ ಅನ್ನುತ್ತಾರೆ. 1957ರಲ್ಲಿ ಬಂದ ಲೋಟಸ್ ಸೆವೆನ್ ಕಾರನ್ನು ಬಿಡಿ ಸಾಮಾನಾಗಿ ತಂದು ಮನೆಯಲ್ಲೇ ಕೂಡಿಸಿಕೊಂಡರೆ ಅಲ್ಲಿ ತೆರಿಗೆ ಉಳಿಯುತ್ತಿತ್ತು. ಕಿಟ್ ಕಾರುಗಳ ಬ್ರೇಕು ಸಾಮಾನ್ಯವಾಗಿ ಬೇರೆ ಯಾವುದೋ ಮಾಮೂಲಿ ಕಾರಿನಿಂದ ಬಿಚ್ಚಿ ತಂದದ್ದು. ಹಾಗಾಗಿ ಅಲ್ಲಿಯವರ ತಲೆನೋವೂ ನಮ್ಮದೂ ಒಂದೇ. ಗಾಡಿಯ ಹೆಸರು ಹೇಳಿ ಸಾಮಾನು ಕೇಳುವ ಹಾಗಿಲ್ಲ.

ಇದು ಗೊತ್ತಿದ್ದೂ ನಾನು ಎರಡು ಸಲ ಹೆಸರು ಹೇಳಿಯೇ ಸಾಮಾನು ತಂದೆ. ಎರಡು ಸಲವೂ ದುಡ್ಡು ನೀರಿಗೆ ಹೋಯಿತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಏನು ಕೆಟ್ಟಿತ್ತು

ಕಕ್ಕಡದ ಮಳೆ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆ. ನಾಪೋಕ್ಲು ಕಡೆಯಿಂದ ಮನೆಗೆ ಇಳಿಯುವ ರಸ್ತೆ, ಮೇಲೆ ಪಾಚಿ ಹಿಡಿದ ಹಳೆ ಕಾಂಕ್ರೀಟು. ಬ್ರೇಕ್ ಒತ್ತಿದೆ. ಹಿಂದಿನ ಎರಡು ಚಕ್ರ ಅಲ್ಲೇ ಕಚ್ಚಿಕೊಂಡವು, ಜೀಪಿನ ಹಿಂಭಾಗ ಬಲಕ್ಕೆ ತಿರುಗಿ ಚರಂಡಿ ಕಡೆ ಹೊರಟಿತು. ಕಾಲು ತೆಗೆದ ಮೇಲೆ ನೇರ ಆಯಿತು. ವೇಗ ಜಾಸ್ತಿ ಇರಲಿಲ್ಲ, ಹಾಗಾಗಿ ಬಚಾವಾದೆ.

ಇದರ ಜೊತೆಗೆ ಇನ್ನೊಂದು ದೂರು ಮೊದಲಿಂದಲೂ ಇತ್ತು. ಪೆಡಲ್ ಮೇಲೆ ಕಾಲಿಟ್ಟು ಹಾಗೇ ಹಿಡಿದರೆ ಅದು ಮೆಲ್ಲಗೆ ಕೆಳಗೆ ಇಳಿಯುತ್ತಿತ್ತು. ಹೊರಗೆ ಎಲ್ಲೂ ಆಯಿಲ್ ತೊಟ್ಟಿಕ್ಕುತ್ತಿರಲಿಲ್ಲ.

ಎರಡೂ ಒಂದೇ ರೋಗ ಅಂದುಕೊಂಡೆವು. ಅಲ್ಲ. ಎರಡು ಬೇರೆ ಬೇರೆ ದೋಷ, ಒಂದಕ್ಕೊಂದು ಸಂಬಂಧವೇ ಇಲ್ಲ. ಇದು ತಿಳಿಯಲು ಮೂರು ವಾರ ಬೇಕಾಯಿತು.

ಗಾಡಿ ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಸಮತಟ್ಟು ಜಾಗ ಎಲ್ಲಿದೆ ಹೇಳಿ. ಮನೆ ಮುಂದೆ ಇಳಿಜಾರು, ಗೇಟಿನ ಹತ್ತಿರ ಇಳಿಜಾರು. ಕಾಫಿ ಒಣಗಿಸುವ ಕಣ ಒಂದೇ ಸರಿ. ಮಳೆಗಾಲದಲ್ಲಿ ಅದು ಹೇಗೂ ಖಾಲಿ. ಮೇಲೆ ಟಾರ್ಪಾಲ್ ಕಟ್ಟಿ, ಜ್ಯಾಕ್ ಕೊಟ್ಟು ಎತ್ತಿದ ಮೇಲೆ ಚಾಸಿ ಕೆಳಗೆ ದಪ್ಪ ಮರದ ದಿಮ್ಮಿ ಇಟ್ಟು, ನೆಲದ ಮೇಲಿರುವ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟೆವು. ಬರೀ ಜ್ಯಾಕ್ ನಂಬಿ ಕೆಳಗೆ ತೂರಬೇಡಿ.

ಪೆಡಲಿನಲ್ಲೇ ಅರ್ಧ ಉತ್ತರ ಇದೆ

ಸಾಮಾನು ತರುವ ಮುಂಚೆ ಐದು ನಿಮಿಷ ಸುಮ್ನೆ ಪೆಡಲ್ ಒತ್ತಿ ನೋಡಿ.

ಮೊದಲ ಒತ್ತಿಗೆ ತುಂಬಾ ಕೆಳಗೆ ಹೋಗಿ, ಎರಡನೇ ಮೂರನೇ ಒತ್ತಿಗೆ ಮೇಲೆ ಬಂದು ಗಟ್ಟಿ ನಿಂತರೆ, ಸಾಮಾನ್ಯವಾಗಿ ಡ್ರಮ್ (ಚಕ್ರದ ಜೊತೆ ಸುತ್ತುವ ಬಟ್ಟಲು) ಮತ್ತು ಶೂ (ಅದನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಕಮಾನು) ನಡುವೆ ಸಂದು ಜಾಸ್ತಿ ಆಗಿದೆ ಅಂತ ಅರ್ಥ. ಇದಕ್ಕೆ ಏನೂ ಕೊಳ್ಳಬೇಕಾಗಿಲ್ಲ, ಅಡ್ಜಸ್ಟ್ ಮಾಡಿದರೆ ಸಾಕು. ಹಳೆ ಡ್ರಮ್ ಬ್ರೇಕು ತಾನಾಗಿ ಅಡ್ಜಸ್ಟ್ ಆಗುವುದಿಲ್ಲ ಅನ್ನುವುದನ್ನು ಡಿಸ್ಕ್ ಬ್ರೇಕಿನ ಕಾರು ಓಡಿಸಿದವರು ಮರೆತೇ ಬಿಡುತ್ತಾರೆ. ಸ್ಪಂಜು ಒತ್ತಿದ ಹಾಗೆ ಮೆತ್ತಗಿದ್ದರೆ ಒಳಗೆ ಗಾಳಿ ಇದೆ. ಗಟ್ಟಿಯಾಗಿ ನಿಂತು ಆಮೇಲೆ ಮೆಲ್ಲಗೆ ಇಳಿದರೆ, ಆಯಿಲ್ ಒತ್ತಡ ಎಲ್ಲೋ ತಪ್ಪಿಸಿಕೊಳ್ಳುತ್ತಿದೆ. ಹೊರಗೆ ಸೋರಿದರೆ ಕಾಣುತ್ತದೆ. ಹೊರಗೆ ಕಾಣದಿದ್ದರೆ ಎರಡೇ ಜಾಗ. ಒಂದು, ಚಕ್ರದಲ್ಲಿ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಸೋರಿ ಡ್ರಮ್ಮಿನ ಒಳಗೇ ನಿಂತಿರಬಹುದು. ಇಲ್ಲವಾದರೆ ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್ ಸವೆದು ಆಯಿಲ್ ಕಪ್ಪಿನ ಬದಿಯಿಂದ ಹಿಂದಕ್ಕೆ ನುಸುಳುತ್ತಿರಬಹುದು.

ಯಾವುದು ಅಂತ ತಿಳಿಯಲು ನಮ್ಮ ಮೆಕ್ಯಾನಿಕ್ ಮೇಸ್ತ್ರಿ ಮಾಡಿದ ಉಪಾಯ ನನಗೆ ಬಹಳ ಇಷ್ಟವಾಯಿತು. ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಪೈಪು ಬಿಚ್ಚಿ, ಆ ಬಾಯಿಗೆ ಡಮ್ಮಿ ಹಾಕಿ ಮುಚ್ಚಿ, ಅಲ್ಲಿರುವ ಗಾಳಿ ತೆಗೆದು, ಪೆಡಲ್ ಒತ್ತಿದರು. ಆಯಿಲ್ ಹೋಗಲು ದಾರಿಯೇ ಇಲ್ಲ, ಹಾಗಾಗಿ ಪೆಡಲ್ ಕಲ್ಲಿನ ಹಾಗೆ ನಿಲ್ಲಬೇಕು. ನಿಂತರೆ ಮಾಸ್ಟರ್ ಚೆನ್ನಾಗಿದೆ, ದೋಷ ಮುಂದೆ ಇದೆ. ನಮ್ಮದು ನಿಲ್ಲಲಿಲ್ಲ, ಇಳಿಯಿತು. ಮಾಸ್ಟರ್ ಹೋಗಿದೆ. ಹತ್ತು ನಿಮಿಷದ ಕೆಲಸ ಇದು. ಇದನ್ನು ಬಿಟ್ಟು ನಾಲ್ಕೂ ಚಕ್ರ ಬಿಚ್ಚಿ ಕೂತವರನ್ನು ನಾನು ನೋಡಿದ್ದೇನೆ, ನಾನೂ ಅದರಲ್ಲಿ ಒಬ್ಬ.

ಬ್ರೇಕ್ ಹಿಡಿದುಕೊಂಡೇ ಇರುವ ದೋಷ ನನ್ನ ಗಾಡಿಯಲ್ಲಿ ಇರಲಿಲ್ಲ, ಆದರೆ ಪಕ್ಕದ ತೋಟದವರ ಜೀಪಿನಲ್ಲಿ ಇತ್ತು. ಸ್ವಲ್ಪ ದೂರ ಓಡಿಸಿದ ಮೇಲೆ ಚಕ್ರ ಬಿಸಿಯಾಗಿ, ಗಾಡಿ ಎಳೆದು ಹಿಡಿದ ಹಾಗೆ ಆಗುತ್ತಿತ್ತು. ಇದಕ್ಕೂ ಬಿಚ್ಚುವ ಮುಂಚೆ ಒಂದು ಪರೀಕ್ಷೆ ಇದೆ. ಹಿಡಿದಿರುವಾಗಲೇ ಆ ಚಕ್ರದ ಏರ್ ತೆಗೆಯುವ ನಿಪ್ಪಲ್ ಬಿಚ್ಚಿ. ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಒತ್ತಡ ಪೈಪಿನಲ್ಲಿ ಸಿಕ್ಕಿಕೊಂಡಿದೆ. ಸಡಿಲವಾಗದಿದ್ದರೆ ಸಿಲಿಂಡರ್ ತುಕ್ಕು ಹಿಡಿದು ಕಚ್ಚಿದೆ ಅಥವಾ ಶೂ ಸ್ಪ್ರಿಂಗ್ ಹೋಗಿದೆ. ಒತ್ತಡ ಸಿಕ್ಕಿಕೊಂಡಿದ್ದರೆ ಮುಂದಿನ ಸಲ ಮಾಸ್ಟರ್ ಹತ್ತಿರದ ಪೈಪು ಸಡಿಲಿಸಿ ನೋಡಿ. ಅಲ್ಲಿ ಬಿಟ್ಟರೆ ದೋಷ ಮಾಸ್ಟರಿನದು. ಅಲ್ಲಿ ಬಿಡದೆ ಚಕ್ರದ ಹತ್ತಿರ ಮಾತ್ರ ಬಿಟ್ಟರೆ ನಡುವೆ ಇರುವ ರಬ್ಬರ್ ಹೋಸ್ ಒಳಗಡೆ ಊದಿ ದಾರಿ ಮುಚ್ಚಿದೆ. ಹೊರಗಿನಿಂದ ಆ ಹೋಸ್ ಹೊಸದರ ಹಾಗೇ ಕಾಣುತ್ತದೆ, ಅದೇ ಮೋಸ.

ಅವರ ಗಾಡಿಯಲ್ಲಿ ಕಾರಣ ಇನ್ನೂ ಸರಳ. ಪೆಡಲಿಗೆ ಸಡಿಲವೇ ಇರಲಿಲ್ಲ. ಕಾಲು ತೆಗೆದಾಗ ಪೆಡಲ್ ಸುಮಾರು ಅರ್ಧ ಇಂಚು ಸುಮ್ಮನೆ ಆಡಬೇಕು, ಆಮೇಲೆ ರಾಡು ಪಿಸ್ಟನ್ನಿಗೆ ತಾಗಬೇಕು. ಆ ಸಡಿಲ ಇಲ್ಲದಿದ್ದರೆ ಕಪ್ ಪೂರ್ತಿ ಹಿಂದೆ ಬರುವುದಿಲ್ಲ, ಆಯಿಲ್ ಡಬ್ಬಿಗೆ ವಾಪಸ್ ಹೋಗುವ ಸೂಜಿಯಷ್ಟು ಸಣ್ಣ ತೂತು ಮುಚ್ಚಿಯೇ ಇರುತ್ತದೆ, ಬಿಸಿಗೆ ಹಿಗ್ಗಿದ ಆಯಿಲ್ ಶೂಗಳನ್ನು ಒತ್ತಿ ಹಿಡಿಯುತ್ತದೆ. ರಾಡಿನ ನಟ್ಟು ಎರಡು ಸುತ್ತು ತಿರುಗಿಸಿದ್ದಕ್ಕೆ ಎಲ್ಲ ಸರಿಹೋಯಿತು.

ಮೊದಲ ತಪ್ಪು: ಕಿಟ್

ಮಾಸ್ಟರ್ ಹೋಗಿದೆ ಅಂತ ಗೊತ್ತಾಯಿತಲ್ಲ. ಗೋಣಿಕೊಪ್ಪಕ್ಕೆ ಹೋಗಿ "ಹಳೆ ಜೀಪಿನ ಮಾಸ್ಟರ್ ಕಿಟ್", ಅಂದರೆ ಒಳಗಿನ ರಬ್ಬರ್ ಕಪ್ಪುಗಳ ಸೆಟ್ಟು, ಅಂತ ಕೇಳಿದೆ. ಕೊಟ್ಟರು. ಅವರ ತಪ್ಪಲ್ಲ, ನಾನು ಕೇಳಿದ್ದನ್ನೇ ಕೊಟ್ಟರು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಿಂದ ಬಂದ ಮಾಸ್ಟರಿನ ಅಳತೆ 1 ಇಂಚು, ಅಂದರೆ 25.4 ಮಿ.ಮೀ. ನನ್ನ ಸಿಲಿಂಡರಿನ ಎರಕದ ಮೇಲೂ 1 ಅಂತಲೇ ಇತ್ತು. ಕಪ್ ಒಳಗೆ ಹೋಗಲೇ ಇಲ್ಲ. ಸೋಪು ನೀರು ಹಚ್ಚಿ ತುರುಕೋಣ ಅಂದೆ. ಮೇಸ್ತ್ರಿ ನನ್ನ ಮುಖ ನೋಡಿದರು. "ಸಾರ್, ಹೋಗಲ್ಲ ಅಂದ್ರೆ ಅದು ಹೋಗಬಾರದು ಅಂತ" ಅಂದು ವರ್ನಿಯರ್ ತಂದರು.

ಒಳಗಿನ ಅಳತೆ 22.2 ಮಿ.ಮೀ. ಅಂದರೆ 7/8 ಇಂಚು. ಯಾವತ್ತೋ ಯಾರೋ ಒಳಗೆ ಹಿತ್ತಾಳೆ ಸ್ಲೀವ್ (ತೆಳು ಕೊಳವೆ) ಹೊಡೆಸಿ ಕೈಗೆ ಸಿಕ್ಕ ಕಿಟ್ಟಿಗೆ ಸರಿಯಾಗಿ ಕೊರೆಸಿದ್ದರು. ಗಾಡಿಯ ಹೆಸರು ಬಿಡಿ, ಸಿಲಿಂಡರಿನ ಮೈಮೇಲೆ ಬರೆದದ್ದೂ ಸುಳ್ಳು.

ಅಳೆಯುವಾಗ ಸಿಲಿಂಡರಿನ ಒಳಗನ್ನೇ ಅಳೆಯಿರಿ, ಹಳೆ ಕಪ್ಪನ್ನಲ್ಲ. ಕಪ್ಪಿನ ಅಂಚು ಬೇಕಂತಲೇ ತೂತಿಗಿಂತ ಸ್ವಲ್ಪ ಅಗಲ ಇರುತ್ತದೆ, ಇಲ್ಲದಿದ್ದರೆ ಅದು ಹಿಡಿಯುವುದಿಲ್ಲ. ಇಂಚಿನ ಸಾಮಾನಿಗೆ ಮಿಲಿಮೀಟರ್ ಲೆಕ್ಕ ನೆನಪಿರಲಿ: 3/4 ಅಂದರೆ 19.05, 13/16 ಅಂದರೆ 20.6, 7/8 ಅಂದರೆ 22.2, 15/16 ಅಂದರೆ 23.8, 1 ಅಂದರೆ 25.4. ಒಂದಕ್ಕೂ ಇನ್ನೊಂದಕ್ಕೂ ಒಂದೂವರೆ ಮಿಲಿಮೀಟರೇ ವ್ಯತ್ಯಾಸ. ಕಣ್ಣಂದಾಜಿನಲ್ಲಿ ಗೊತ್ತಾಗುವುದಿಲ್ಲ.

ಹಳೆಯದನ್ನೇ ಇಟ್ಟುಕೊಂಡು 7/8ರ ಕಿಟ್ ತರಬಹುದಿತ್ತು. ತರಲಿಲ್ಲ. ಸ್ಲೀವಿನಲ್ಲಿ ಉದ್ದ ಗೀರು ಬಿದ್ದಿತ್ತು. ಉಗುರು ಎಳೆದರೆ ಉಗುರಿಗೆ ಸಿಗುವಂಥ ಗೀರು ಇದ್ದರೆ ಹೊಸ ಕಪ್ಪೂ ಸ್ವಲ್ಪ ದಿನದಲ್ಲೇ ಹರಿಯುತ್ತದೆ. ಪೂರ್ತಿ ಹೊಸ 1 ಇಂಚಿನ ಮಾಸ್ಟರ್ ಹಾಕಿದೆ. ಇದರಿಂದ ಏನಾಗುತ್ತದೆ ಅಂತ ಗೊತ್ತಿರಬೇಕು. ತೂತು ದೊಡ್ಡದಾದರೆ ಪೆಡಲ್ ಕಮ್ಮಿ ದೂರ ಹೋಗುತ್ತದೆ, ಆದರೆ ಕಾಲಿಗೆ ಭಾರ ಜಾಸ್ತಿ. 7/8 ಮತ್ತು 1 ಇಂಚಿನ ವಿಸ್ತೀರ್ಣ ಲೆಕ್ಕ ಹಾಕಿದರೆ ಸುಮಾರು 30 ಪರ್ಸೆಂಟ್ ವ್ಯತ್ಯಾಸ ಬರುತ್ತದೆ. ಅಷ್ಟು ಜಾಸ್ತಿ ಒತ್ತಬೇಕು. ನನ್ನ ಗಾಡಿಗೆ ಕಾಲಿನ ಭಾರ ಇಳಿಸುವ ಬೂಸ್ಟರ್ ಇಲ್ಲ. ನನಗೆ ಪರವಾಗಿಲ್ಲ, ಮನೆಯಲ್ಲಿ ಬೇರೆಯವರು ಓಡಿಸಿದಾಗ ಬೈದರು.

ಬೂಸ್ಟರ್ ಹಾಕೋಣ ಅನ್ನುವವರಿಗೆ ಒಂದು ಮಾತು. ಡೀಸೆಲ್ ಎಂಜಿನ್ನಿನ ಇನ್‌ಲೆಟ್‌ನಲ್ಲಿ ಪೆಟ್ರೋಲ್ ಎಂಜಿನ್ನಿನ ಹಾಗೆ ವ್ಯಾಕ್ಯೂಮ್ ಸಿಗುವುದಿಲ್ಲ, ವ್ಯಾಕ್ಯೂಮ್ ಪಂಪ್ ಬೇರೆ ಬೇಕು. ಪಂಪಿಲ್ಲದೆ ಬೂಸ್ಟರ್ ಡಬ್ಬ ಮಾತ್ರ ಕೂರಿಸಿದ ಗಾಡಿಗಳಿವೆ, ಅದು ಅಲಂಕಾರ.

ಎರಡನೇ ತಪ್ಪು: ಹೋಸ್. ಇದು ಅಪಾಯದ ತಪ್ಪು

ಮಾಸ್ಟರ್ ಬದಲಾಯಿಸುವಾಗಲೇ ಮುಂದಿನ ಹೋಸ್ ಬಿರುಕು ಬಿಟ್ಟದ್ದು ಕಂಡಿತು. ಕುಶಾಲನಗರದಲ್ಲಿ ತಂದೆ. ಮತ್ತೆ ಹೆಸರು ಹೇಳಿ. ಉದ್ದ ಸರಿಯಿತ್ತು. ಪೈಪಿನ ನಟ್ಟು ಹೋಸಿನ ಬಾಯಿಗೆ ಸಲೀಸಾಗಿ ಹೋಯಿತು. ಸಲೀಸಾಗಿ ಅಂದರೆ ಬೇಕಾದದ್ದಕ್ಕಿಂತ ಸಲೀಸಾಗಿ, ಸ್ವಲ್ಪ ಅಲ್ಲಾಡಿಕೊಂಡು. ಸ್ಪ್ಯಾನರ್ ಹಾಕಿದಾಗ ಬಿಗಿಯಾಯಿತು. ಜೋರಾಗಿ ಪೆಡಲ್ ಒತ್ತಿದರೆ ಒಂದೊಂದೇ ಹನಿ.

ಕಾರಣ ಥ್ರೆಡ್ಡು. ಹಳೆ ಜೀಪಿನ 3/16 ಇಂಚಿನ ಬ್ರೇಕ್ ಪೈಪಿಗೆ ಬರುವ ನಟ್ಟು 3/8 ಇಂಚು, ಇಂಚಿಗೆ 24 ಥ್ರೆಡ್. ಅಂದರೆ ಹೊರ ಅಳತೆ 9.5 ಮಿ.ಮೀ., ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ 1.06 ಮಿ.ಮೀ. ಮೆಟ್ರಿಕ್ ಗಾಡಿಗಳಲ್ಲಿ ಅದೇ ಜಾಗಕ್ಕೆ ಬರುವುದು ಎಂ 10, ಅಂದರೆ ಹೊರ ಅಳತೆ 10 ಮಿ.ಮೀ., ಥ್ರೆಡ್ ದೂರ 1 ಮಿ.ಮೀ. ಎರಡನ್ನೂ ಅಂಗೈ ಮೇಲೆ ಇಟ್ಟರೆ ಅಣ್ಣ ತಮ್ಮ. ಇಂಚಿನ ನಟ್ಟು ಮೆಟ್ರಿಕ್ ತೂತಿಗೆ ಹೋಗುತ್ತದೆ, ಬಿಗಿಯಾದ ಹಾಗೂ ಅನ್ನಿಸುತ್ತದೆ, ಆದರೆ ಥ್ರೆಡ್ಡಿನ ತುದಿ ಮಾತ್ರ ಕಚ್ಚಿರುತ್ತದೆ. ಗಾಬರಿಯಲ್ಲಿ ಎರಡೂ ಕಾಲು ಹಾಕಿ ಒತ್ತಿದ ದಿನ ಅದು ಕಿತ್ತುಕೊಂಡು ಹೊರಗೆ ಬರಬಹುದು. ಹಳೆ ಮಾಸ್ಟರಿನಲ್ಲಿ ಒಂದೇ ಲೈನು, ಒಂದು ಕಡೆ ಕಿತ್ತರೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಇಲ್ಲ. ಮಾಕುಟ್ಟ ಘಾಟಿಯಲ್ಲೋ ಸಂಪಾಜೆಯಲ್ಲೋ ಹಾಗಾದರೆ ಏನು ಗತಿ ಯೋಚನೆ ಮಾಡಿ. ತಿರುಗಾ ಮುರುಗಾ ಆದರೆ, ಅಂದರೆ ಮೆಟ್ರಿಕ್ ನಟ್ಟನ್ನು ಇಂಚಿನ ತೂತಿಗೆ ಹಾಕಿದರೆ, ಒಂದೆರಡು ಸುತ್ತಿಗೇ ಕಚ್ಚಿಕೊಂಡು ನಿಲ್ಲುತ್ತದೆ. ಅದಾದರೂ ಎಚ್ಚರ ಕೊಡುತ್ತದೆ.

ಸ್ಪ್ಯಾನರ್ ಮುಟ್ಟದೆ, ಬರೀ ಬೆರಳಲ್ಲಿ ಕೊನೆವರೆಗೆ ಹೋಗಬೇಕು ಮತ್ತು ಎಲ್ಲೂ ಅಲ್ಲಾಡಬಾರದು. ಎರಡೂ ಸೇರಿದರೆ ಮಾತ್ರ ಅದು ನಿಮ್ಮ ಥ್ರೆಡ್ಡು. ಥ್ರೆಡ್ ಗೇಜ್ ಇದ್ದರೆ ಇನ್ನೂ ಒಳ್ಳೆಯದು, ಲೇತ್ ಇಟ್ಟುಕೊಂಡವರ ಹತ್ತಿರ ಇರುತ್ತದೆ.

ಪೈಪಿನ ತುದಿಯನ್ನೂ ನೋಡಿ. ಇಂಚಿನದು ಒಳಗೆ ಆಲಿಕೆಯ ಹಾಗೆ ಮಡಚಿರುತ್ತದೆ, ಡಬಲ್ ಫ್ಲೇರ್. ಮೆಟ್ರಿಕ್ ಗಾಡಿಗಳಲ್ಲಿ ಬಹಳ ಕಡೆ ಅಣಬೆಯ ತಲೆಯ ಹಾಗೆ ಉಬ್ಬಿರುತ್ತದೆ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಟೇಪು ಸುತ್ತಿ, ವಾಷರ್ ಹಾಕಿ ಕೂರಿಸುವವರಿದ್ದಾರೆ. ಬೇಡ.

ಆಯಿಲ್ ಬಗ್ಗೆ ಚಿಕ್ಕದಾಗಿ

ಬ್ರೇಕ್ ಆಯಿಲ್ ಅಂತ ಕರೆದರೂ ಅದು ಎಂಜಿನ್ ಆಯಿಲ್ ಜಾತಿಯದಲ್ಲ. ಯಾರೋ ಅರ್ಜೆಂಟಿಗೆ ಪವರ್ ಸ್ಟಿಯರಿಂಗ್ ಆಯಿಲ್ ಸುರಿದರೆ ಎಲ್ಲ ರಬ್ಬರ್ ಕಪ್ಪುಗಳೂ ಊದಿಕೊಳ್ಳುತ್ತವೆ. ಹಳೆ ಗಾಡಿ ಕೊಂಡಾಗ ಡಬ್ಬಿಯಿಂದ ಸ್ವಲ್ಪ ತೆಗೆದು ಒಂದು ಲೋಟ ನೀರಿಗೆ ಹಾಕಿ ನೋಡಿ. ಮಾಮೂಲಿ ಬ್ರೇಕ್ ಆಯಿಲಿನ ದರ್ಜೆಗಳಾದ ಡಾಟ್ 3, ಡಾಟ್ 4 ನೀರಿನಲ್ಲಿ ಬೆರೆಯುತ್ತದೆ. ಮೇಲೆ ತೇಲಿದರೆ ಅದು ಹೆಚ್ಚಾಗಿ ಮಿನರಲ್ ಆಯಿಲ್, ಎಲ್ಲ ರಬ್ಬರೂ ಬದಲಾಯಿಸಬೇಕು. ನೀರಿಗೆ ಬೆರೆಯುವ ಗುಣವೇ ನಮಗೆ ಶತ್ರು ಕೂಡ. ಕೊಡಗಿನ ತೇವಕ್ಕೆ ಅದು ಗಾಳಿಯಿಂದಲೇ ನೀರು ಹೀರುತ್ತದೆ. ಡಾಟ್ 3 ಹೊಸದಾಗಿದ್ದಾಗ ಕಮ್ಮಿ ಅಂದರೂ 205 ಡಿಗ್ರಿವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ ಆ ಲೆಕ್ಕ 140ಕ್ಕೆ ಬರುತ್ತದೆ. ಡಾಟ್ 4ಕ್ಕೆ 230 ಮತ್ತು 155. ಉದ್ದ ಘಾಟಿ ಇಳಿಯುವಾಗ ಕುದಿದರೆ ಹಬೆ ಹುಟ್ಟಿ ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ಮಳೆಗಾಲಕ್ಕೊಮ್ಮೆ ಪೂರ್ತಿ ಬದಲಾಯಿಸಿ, ಅರ್ಧ ಉಳಿದ ಹಳೆ ಡಬ್ಬ ಎಸೆಯಿರಿ.

ಹಿಂದಿನ ಚಕ್ರ ಯಾಕೆ ಕಚ್ಚಿತು

ಮಾಸ್ಟರ್ ಹೊಸದು, ಹೋಸ್ ಸರಿಯಾದದ್ದು, ಏರ್ ತೆಗೆದಾಯಿತು. ಮಾಸ್ಟರಿಗೆ ದೂರ ಇರುವ ಚಕ್ರದಿಂದ ಶುರು ಮಾಡಿದೆವು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಪೆಡಲ್ ಈಗ ಗಟ್ಟಿ. ಖುಷಿಯಾಗಿ ಕಣದಲ್ಲಿ ನೀರು ಸುರಿದು ಒಂದು ಸುತ್ತು ಓಡಿಸಿ ಬ್ರೇಕ್ ಒತ್ತಿದೆ. ಹಿಂದಿನ ಚಕ್ರ ಮತ್ತೆ ಕಚ್ಚಿತು. ಮೊದಲಿಗಿಂತ ಚೆನ್ನಾಗಿ ಕಚ್ಚಿತು ಅಂತ ಹೇಳಬೇಕು.

ಸರಿ, ಡ್ರಮ್ ಬಿಚ್ಚಲೇಬೇಕು. ಎಡ ಮುಂದಿನ ಚಕ್ರದಲ್ಲಿ ಒಂದು ಸ್ಟಡ್ (ಚಕ್ರದ ನಟ್ಟು ಕೂರುವ ಬೋಲ್ಟು) ಮುರಿದೆ. ಹಳೆ ವಿಲ್ಲಿಸ್ ಜಾತಿಯ ಜೀಪಿನ ಎಡಗಡೆ ಚಕ್ರಗಳಿಗೆ ಉಲ್ಟಾ ಥ್ರೆಡ್ ಇರುತ್ತದೆ, ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಗೊತ್ತಿತ್ತು. ಆದರೆ ಹಿಂದಿನ ಎಡ ಚಕ್ರ ಮಾಮೂಲಿ ಕಡೆಗೇ ಬಿಚ್ಚಿತಲ್ಲ, ಮುಂದಿನದೂ ಹಾಗೇ ಇರಬೇಕು ಅಂದುಕೊಂಡು ಪೈಪು ಹಾಕಿ ಜಗ್ಗಿದೆ. ಆಕ್ಸಲ್ ಬೇರೆ, ಕಾನೂನೂ ಬೇರೆ. ಸ್ಟಡ್ಡಿನ ತುದಿಯಲ್ಲಿ ಎಲ್ ಅಕ್ಷರ ಇದೆಯಾ ಅಂತ ತಂತಿ ಬ್ರಷ್ ಹಾಕಿ ಉಜ್ಜಿ ನೋಡಿ, ಆಮೇಲೆ ಕೈ ಹಾಕಿ.

ಡ್ರಮ್ಮಿನ ಒಳಗಿನ ಧೂಳನ್ನು ಕಂಪ್ರೆಸರ್ ಗಾಳಿಯಲ್ಲಿ ಊದಬೇಡಿ. ಶೂ ಮೇಲಿನ ಸವೆಯುವ ಪಟ್ಟಿಗೆ ಲೈನರ್ ಅನ್ನುತ್ತಾರೆ, ಹಳೆ ಲೈನರಿನಲ್ಲಿ ಆಸ್‌ಬೆಸ್ಟಾಸ್ ಇರುವ ಸಾಧ್ಯತೆ ಜಾಸ್ತಿ, ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ.

ಬಿಚ್ಚಿ ಪಕ್ಕ ಪಕ್ಕ ಇಟ್ಟಾಗ ಎಲ್ಲ ಅರ್ಥವಾಯಿತು. ಮುಂದಿನ ಡ್ರಮ್ 9 ಇಂಚು, ಹಿಂದಿನದು 11 ಇಂಚು. ಮುಂದೆ ಎರಡೂ ಶೂಗಳ ಕೆಳತುದಿ ಹಿಂಬದಿಯ ತಗಡು ಪ್ಲೇಟಿಗೆ ಬೋಲ್ಟಿನಲ್ಲಿ ನಿಂತಿವೆ. ಹಿಂದೆ ಶೂಗಳು ಮೇಲೆ ಒಂದು ಪಿನ್ನಿಗೆ ಆತುಕೊಂಡು, ಕೆಳಗೆ ಹಲ್ಲು ಚಕ್ರದ ಅಡ್ಜಸ್ಟರ್ ಮಾತ್ರ ನಡುವೆ ಇದೆ. ಈ ಎರಡನೇ ಜಾತಿಯಲ್ಲಿ ಮುಂದಿನ ಶೂ ಡ್ರಮ್ಮಿನ ಜೊತೆ ಸುತ್ತಲು ಹೋಗಿ ಹಿಂದಿನ ಶೂವನ್ನು ತಾನೇ ತಳ್ಳುತ್ತದೆ, ಹಾಗಾಗಿ ಅಷ್ಟೇ ಆಯಿಲ್ ಒತ್ತಡಕ್ಕೆ ಇದು ಬಹಳ ಜಾಸ್ತಿ ಹಿಡಿಯುತ್ತದೆ. ವೀಲ್ ಸಿಲಿಂಡರ್ ಎರಡೂ ಕಡೆ 1 ಇಂಚು. ಯುದ್ಧಕಾಲದ ವಿಲ್ಲಿಸ್‌ನಲ್ಲಿ ಮುಂದೆ 1 ಇಂಚು, ಹಿಂದೆ 3/4 ಇಂಚು ಇಟ್ಟಿದ್ದರು. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ, ಅದಕ್ಕೆ ಹಿಂದೆ ಕಮ್ಮಿ ಹಿಡಿತ ಸಾಕು. ನನ್ನ ಜೀಪಿನಲ್ಲಿ ಪೂರ್ತಿ ಉಲ್ಟಾ. ಮುಂದೆ ಸಣ್ಣ ಬಡ ಬ್ರೇಕು, ಹಿಂದೆ ದೊಡ್ಡ ಜೋರು ಬ್ರೇಕು.

ಅಂದರೆ ಯಾವ ಸಾಮಾನೂ ಕೆಟ್ಟಿರಲಿಲ್ಲ. ಹಿಂದಿನ ಬ್ರೇಕು ಅದು ಬಂದ ಗಾಡಿಗೆ ಸರಿ, ಮುಂದಿನದು ಅದು ಬಂದ ಗಾಡಿಗೆ ಸರಿ. ಕೂಡಿಸಿದ್ದೇ ದೋಷ. ಇಂಥದ್ದನ್ನು ಯಾವ ಅಂಗಡಿಯೂ ಮಾರುವುದಿಲ್ಲ, ಯಾವ ಕಿಟ್ಟೂ ಸರಿ ಮಾಡುವುದಿಲ್ಲ. ಬಿಸಿಲಲ್ಲಿ, ಒಣ ರಸ್ತೆಯಲ್ಲಿ ಮೆಲ್ಲಗೆ ಓಡಿಸುವಾಗ ಗೊತ್ತೂ ಆಗಿರಲಿಲ್ಲ.

ದಾರಿ ಎರಡಿತ್ತು. ಹಿಂದಿನದನ್ನು ಸಣ್ಣ ಸಿಲಿಂಡರ್ ಹಾಕಿ ತಗ್ಗಿಸುವುದು. ಅಥವಾ ಮುಂದಿನದನ್ನು 11 ಇಂಚಿಗೆ ಏರಿಸುವುದು. ತಗ್ಗಿಸಿದರೆ ಜಾರುವುದು ನಿಲ್ಲುತ್ತದೆ, ಆದರೆ ಒಟ್ಟು ಬ್ರೇಕು ಕಮ್ಮಿ ಆಗುತ್ತದೆ. ಗೊಬ್ಬರದ ಮೂಟೆ ತುಂಬಿಕೊಂಡು ಇಳಿಯುವ ಗಾಡಿಗೆ ಅದು ಬೇಡ ಅನ್ನಿಸಿತು. ಮೈಸೂರಿನ ಗುಜರಿಯಲ್ಲಿ ಎರಡು ವಾರ ಅಲೆದು ಮುಂದಿನ ಪೂರ್ತಿ ಸೆಟ್ಟು ತಂದೆ: ಪ್ಲೇಟು, ಶೂ, ಸಿಲಿಂಡರ್, ಹಬ್, ಡ್ರಮ್. ಬರೀ ಡ್ರಮ್ ತಂದರೆ ಪ್ರಯೋಜನವಿಲ್ಲ, ಹಬ್ಬಿಗೆ ಕೂರಬೇಕು. ಈ ಸಲ ನನ್ನ ಹಳೆ ಪ್ಲೇಟನ್ನೇ ಗೋಣಿಚೀಲದಲ್ಲಿ ಹಾಕಿ ಬಸ್ಸಿನಲ್ಲಿ ತೆಗೆದುಕೊಂಡು ಹೋಗಿದ್ದೆ. ಆರು ಬೋಲ್ಟಿನ ತೂತಿನ ಮೇಲೆ ತೂತು ಇಟ್ಟು ನೋಡಿ ಆಮೇಲೆ ದುಡ್ಡು ಕೊಟ್ಟೆ. ಮುಂದಿನ ಸಿಲಿಂಡರ್ 28.6 ಮಿ.ಮೀ. ಇತ್ತು, ಅಂದರೆ 1 1/8 ಇಂಚು. ಹಿಂದೆ ಒಂದಳತೆ ಚಿಕ್ಕದು ಹಾಕಿದೆ. ಆ ಚಿಕ್ಕದು ಮೈಸೂರಿನಲ್ಲಿ ಸಿಗಲಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು. ಅಲ್ಲಿ "ಯಾವ ಗಾಡಿಗೆ" ಅಂದಾಗ ಹಳೆಯದನ್ನು ಕೌಂಟರ್ ಮೇಲಿಟ್ಟು "ಇದೇ ಮೈಕಟ್ಟು, ಒಳಗೆ ಮಾತ್ರ 23.8, ಥ್ರೆಡ್ 3/8 ಇಂಚಿನದು" ಅಂದೆ. ಐದೇ ನಿಮಿಷ.

ಗುಜರಿ ಡ್ರಮ್ಮಿಗೆ ಲೇತ್ ಹಿಡಿಸುವ ಮುಂಚೆ ಅಳೆಯಿರಿ. 11 ಇಂಚು ಅಂದರೆ 279.4 ಮಿ.ಮೀ. ಸಾಮಾನ್ಯವಾಗಿ ಅದಕ್ಕಿಂತ 1.5 ಮಿ.ಮೀ. ದೊಡ್ಡದಾಗುವವರೆಗೆ ಮಾತ್ರ ಲೇತ್‌ನಲ್ಲಿ ತಿರುಗಿಸಿ ಸವೆಸಬಹುದು. ಆಮೇಲೆ ತೆಳು, ಬಿರುಕು ಬಿಡುತ್ತದೆ. ಶೂ ಹೊಸದು ಸಿಗದಿದ್ದರೆ ಯೋಚನೆ ಬೇಡ, ಹಳೆ ಶೂಗೆ ಹೊಸ ಲೈನರ್ ರಿವಿಟ್ ಹೊಡೆಸಬಹುದು, ತಿರುಗಿಸಿದ ಡ್ರಮ್ಮಿನ ಅಳತೆ ಹೇಳಿ ಹೊಡೆಸಿ. ಆಯಿಲ್ ಕುಡಿದ ಲೈನರನ್ನು ಮಾತ್ರ ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಬೇಡಿ, ಬಿಸಿಯಾದಾಗ ಆಯಿಲ್ ಮತ್ತೆ ಹೊರಗೆ ಬರುತ್ತದೆ, ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಒಂದು ಶೂಗೆ ಉದ್ದ ಲೈನರ್, ಇನ್ನೊಂದಕ್ಕೆ ಗಿಡ್ಡ ಇದ್ದರೆ ಯಾವುದು ಎಲ್ಲಿ? ಇಲ್ಲಿ ಬಹಳ ಜನ ತಪ್ಪುತ್ತಾರೆ. ಕೆಳಗೆ ಬೋಲ್ಟಿನಲ್ಲಿ ನಿಂತ 9 ಇಂಚಿನ ಜಾತಿಯಲ್ಲಿ ಉದ್ದ ಲೈನರ್ ಮುಂದಿನ ಶೂಗೆ. ಮೇಲೆ ಪಿನ್ ಇರುವ 11 ಇಂಚಿನ ಜಾತಿಯಲ್ಲಿ ಉದ್ದ ಲೈನರ್ ಹಿಂದಿನ ಶೂಗೆ. ಒಂದರ ನಿಯಮ ಇನ್ನೊಂದಕ್ಕೆ ಹಚ್ಚಿದರೆ ಬ್ರೇಕ್ ಹಿಡಿಯುತ್ತದೆ, ಆದರೆ ಅರ್ಧ ಮನಸ್ಸಿನಲ್ಲಿ.

ಡಿಸ್ಕ್ ಹಾಕಿಬಿಡಿ ಅಂತ ಹೇಳಿದವರು ಹತ್ತು ಜನ. ಹಾಕಬಹುದು, ಮಾರುತಿ ಜಿಪ್ಸಿಯ ಡಿಸ್ಕ್ ಹಾಕಿದ ಜೀಪುಗಳನ್ನು ನೋಡಿದ್ದೇನೆ. ಆದರೆ ಡ್ರಮ್ಮಿನ ಮಾಸ್ಟರ್ ಬಾಯಲ್ಲಿ ಪೈಪಿನ ಒಳಗೆ ಸ್ವಲ್ಪ ಒತ್ತಡ ಉಳಿಸಿಕೊಳ್ಳುವ ಒಂದು ಪುಟ್ಟ ವಾಲ್ವ್ ಇರುತ್ತದೆ. ಅದನ್ನು ತೆಗೆಯದೆ ಡಿಸ್ಕ್ ಕೂರಿಸಿದರೆ ಪ್ಯಾಡು ಯಾವಾಗಲೂ ಉಜ್ಜುತ್ತಲೇ ಇರುತ್ತದೆ. ಮತ್ತೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಕಂಪನಿ ಕೊಟ್ಟ ರೂಪ ಬದಲಾಯಿಸುವ ಮುಂಚೆ ಆರ್‌ಟಿಒ ಆಫೀಸಿನಲ್ಲಿ ಕೇಳುವುದು ಒಳ್ಳೆಯದು.

ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಗಾಡಿ ರಸ್ತೆಗೆ ಬಂತು. ಮೊದಲು ಕಣದಲ್ಲಿ, ಆಮೇಲೆ ಖಾಲಿ ರಸ್ತೆಯಲ್ಲಿ, ಆಮೇಲೆ ಅದೇ ಪಾಚಿ ಇಳಿಜಾರಿನಲ್ಲಿ ಮಳೆ ನೋಡಿಕೊಂಡು ಒತ್ತಿದೆ. ಮುಂದಿನ ಚಕ್ರ ಮೊದಲು ಕಚ್ಚಿ, ಗಾಡಿ ನೇರವಾಗಿ ಜಾರಿ ನಿಂತಿತು. ಅಳತೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಪ್ಲಾಸ್ಟಿಕ್ ಹಾಕಿ ಸೀಟಿನ ಕೆಳಗೆ ಇಟ್ಟಿದ್ದೇನೆ: ಚಕ್ರಕ್ಕೊಂದು ಸಾಲು, ಮಾಸ್ಟರಿಗೊಂದು, ಹೋಸಿಗೊಂದು.

ಹ್ಯಾಂಡ್ ಬ್ರೇಕ್ ಇನ್ನೂ ಬಾಕಿ. ಹಳೆ ಜೀಪಿನಲ್ಲಿ ಅದು ಚಕ್ರಕ್ಕಲ್ಲ, ಟ್ರಾನ್ಸ್‌ಫರ್ ಕೇಸಿನ (ಎರಡೂ ಆಕ್ಸಲಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಹಿಂದೆ ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಇರುವ ಸಣ್ಣ ಡ್ರಮ್ಮಿಗೆ ಹಿಡಿಯುತ್ತದೆ. ನನ್ನದರಲ್ಲಿ ಗೇರ್ ಆಯಿಲ್ ಸೋರಿ ಆ ಲೈನರ್ ಪೂರ್ತಿ ಕುಡಿದಿದೆ. ಸೀಲ್ ಬೇಕು, ಅದನ್ನು ಬಿಚ್ಚಿ ಅಳೆಯದೆ ಅಂಗಡಿಗೆ ಹೋಗುವುದಿಲ್ಲ. ಅಲ್ಲಿಯವರೆಗೆ ಗಾಡಿ ನಿಲ್ಲಿಸಿದಾಗ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡುತ್ತಿದ್ದೇನೆ.